ಪಕ್ಕದ ಕಂಬಿ

ಮನೆಗೆ ತಂದಿದ್ದ ಆಸ್ಪತ್ರೆ ಮಂಚದ ಪಕ್ಕದ ಕಂಬಿ ಇಳಿಯಲಿಲ್ಲ. ಹೆಣವನ್ನು ಸ್ನಾನಕ್ಕೆ ಎತ್ತಲು ಬಂದ ಗಂಡಸರು ಎಳೆದರು, ಒತ್ತಿದರು, ಅಲುಗಾಡಿಸಿದರು. ಒಬ್ಬ, "ಸ್ಪ್ಯಾನರ್ ಇದ್ಯಾ?" ಅಂದ.

"ಸ್ವಲ್ಪ ಸರೀರಿ" ಎಂದು ಕನಕವಲ್ಲಿ ಗೋಡೆ ಬಿಟ್ಟು ಎದ್ದು ಬಂದಳು. ಕಂಬಿಯ ಹೊರಮೈಯ ಅಡಿಗೆ ಬೆರಳು ತೂರಿಸಿ ಚಿಲಕ ಒತ್ತಿದಳು. ಕಂಬಿ ಸದ್ದಿಲ್ಲದೆ ಇಳಿಯಿತು. ಗಂಡಸರು ಅವಳ ಗಂಡ ತಿರುವೇಂಗಡಂನನ್ನು ಎತ್ತಿಕೊಂಡು ಅಂಗಳಕ್ಕೆ ನಡೆದರು.

"ಊರಿಗೆಲ್ಲ ಮಂಚದ ನಕ್ಷೆ ಬರ್ದುಕೊಟ್ಯಲ್ಲೋ ಅಣ್ಣ, ಅದ್ರ ಮೇಲೇ ಮಲಗಿಬಿಟ್ಯಲ್ಲೋ!" ನಾದಿನಿ ತಾಯಮ್ಮಾಳ್ ಎದೆ ಬಡಿದುಕೊಂಡು ಹಾಡಿ ಅತ್ತಳು.

ಹೊರಗೆ ಶಾಮಿಯಾನದಡಿ ಯಾರೋ ಕೇಳುತ್ತಿದ್ದರು. "ಇಂಜಿನಿಯರ್ ಆಗಿದ್ರಾ?"

"ಅಲ್ಲ, ಡಿಸೈನು."

"ಸೀರೆದಾ?"

"ಅಯ್ಯೋ, ಅಲ್ಲಪ್ಪ. ನಿನ್ ಮನೆ ಗ್ರೈಂಡರು, ಫ್ಯಾನು, ಅಂಥದ್ದು."

"ಅದನ್ನೂ ಒಬ್ರು ಬರೀಬೇಕಾ? ತಾನಾಗೇ ಹಂಗಿರುತ್ತೆ ಅನ್ಕೊಂಡಿದ್ದೆ."

ಕನಕವಲ್ಲಿಗೆ ಬೇಸರವಾಗಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳೂ ಹಾಗೇ ಅಂದುಕೊಂಡಿದ್ದಳು.

* * *

ಆಗ ತಿರುವೇಂಗಡಂ ಅಹಮದಾಬಾದಿನಲ್ಲಿ ಡಿಸೈನು ಓದು ಮುಗಿಸಿ ಕೊಯಮತ್ತೂರಿಗೆ ಮರಳಿದ್ದ. ಒಂದು ಸಂಜೆ ತಾನು ಡಿಸೈನು ಮಾಡುತ್ತಿದ್ದ ಊಟದ ಡಬ್ಬಿ ತಂದು ಅವಳ ಮುಂದಿಟ್ಟು, "ಕೈಗೆ ಎಣ್ಣೆ ಹಚ್ಕೊಂಡು ತೆಗಿ" ಅಂದ.

"ಹುಚ್ಚಾ ನಿಮ್ಗೆ?"

"ತೆಗಿಯೇ."

ಮುಚ್ಚಳ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಅವಳಿಗೆ ನಗು ಉಕ್ಕಿತು. ಅವನು ಮಾತ್ರ ನಗಲಿಲ್ಲ. ಅವಳ ಬೆರಳನ್ನೇ ನೋಡುತ್ತಿದ್ದ. ಇಪ್ಪತ್ತು ಮುಚ್ಚಳಗಳಾದರೂ ಮನೆಗೆ ಬಂದಿರಬೇಕು. ಕೊನೆಯದು ಒಂದೇ ಸಲಕ್ಕೆ ತೆರೆದುಕೊಂಡಾಗ, "ನೋಡು, ಈಗ ತೆಗೆಯೋವಾಗ ನಿಂಗೆ ನಾನು ನೆನಪೇ ಆಗಲ್ಲ" ಅಂದ. ಅದೇ ದೊಡ್ಡ ಬಹುಮಾನ ಅನ್ನುವ ಹಾಗೆ.

ಮದುವೆಮನೆಗೆ ಹೋದರೂ ಮದುಮಕ್ಕಳನ್ನು ನೋಡುತ್ತಿರಲಿಲ್ಲ. ಬಡಿಸುವವರು ಬಕೆಟ್ಟು ಹಿಡಿಯುವುದನ್ನು ನೋಡುತ್ತ ಎಲೆ ಮುಂದೆ ಕೂತಿರುತ್ತಿದ್ದ, ಸಾಂಬಾರು ಆರಿಹೋಗುತ್ತಿತ್ತು.

* * *

ಹೂಮಾಲೆ ಹಿಡಿದು ಇನ್ಬಸೇಕರನ್ ಬಂದ. ಹತ್ತು ವರ್ಷ ತಿರುವೇಂಗಡಂನ ಕೈಕೆಳಗೆ ಕೆಲಸ ಕಲಿತವನು, ಆಸ್ಪತ್ರೆ ಮಂಚದ ಕೆಲಸದಲ್ಲಿ ಜೊತೆಗಿದ್ದವನು. ಒಳಗೆ ಬಂದು ಖಾಲಿ ಮಂಚ ನೋಡಿ ನಿಂತುಬಿಟ್ಟ.

"ಇದ್ರಲ್ಲೇ ಮಲಗಿದ್ರಾ ಅಕ್ಕ?"

"ಬಾಡಿಗೆಗೆ ತಂದಿದ್ದು. ಬಂದಾಗ ನೋಡಿದ್ರೆ ಇವರದ್ದೇ ಡಿಸೈನು."

"ಕೊನೆಗೆ ಏನಾದ್ರೂ ಹೇಳಿದ್ರಾ?"

"ಲಕ್ವ ಹೊಡೆದ ಮೇಲೆ ಮಾತೆಲ್ಲಿತ್ತು ತಮ್ಮ? ಎಡಗೈ ಒಂದೇ ಉಳಿದಿತ್ತು. ಹೊತ್ತಿಲ್ಲ ಗೊತ್ತಿಲ್ಲ, ಕಂಬಿ ಒಳಗಡೆ ಸವರೋದು. ಹೀಗೆ, ಮೂರು ಬೆರಳು ಮಡಚಿ, ಹೆಬ್ಬೆರಳು ಮೇಲೆ. ನೀರು ಕೊಟ್ರೆ ತಲೆ ಆಡಿಸೋರು. ಹೊದಿಕೆ ಸರಿಸಿದ್ರೂ ತಲೆ ಆಡಿಸೋರು."

ಇನ್ಬಸೇಕರನ್ ಮುಖ ಬದಲಾಯಿತು. "ಕಂಬಿ ಇಳಿಸೋಕೆ ಒಳಗಡೆನೂ ಒಂದು ಹಿಡಿ ಇಡೋಣ ಸಾರ್ ಅಂತ ನಾನೇ ಹೇಳಿದ್ದೆ. ‘ಬೇಡ, ರೋಗಿ ತಾನೇ ಇಳಿಯೋಕೆ ಹೋಗಿ ಬಿದ್ದಾನು, ನೋಡ್ಕೊಳ್ಳೋರು ತೆಗೀಲಿ’ ಅಂದ್ರು. ಯಾವ ಹಿಡಿ ಬಗ್ಗೆ ಮಾತಾಡಿದ್ರೂ ಸಾರ್ ಗಾಳೀಲಿ ಹೀಗೇ ತೋರ್ಸೋರು, ಮೂರು ಬೆರಳು..."

"ಅದನ್ನೇ ಕೇಳ್ತಿದ್ರಾ?"

"ಗೊತ್ತಿಲ್ಲ ಅಕ್ಕ. ಸುಮ್ನೆ ಸವರಿರ್ಬಹುದು."

"ಈಗ ಬದಲಾಯಿಸ್ಬಹುದಾ?"

"ಕಂಪನಿ ಬೇರೆಯವರ ಕೈಗೆ ಹೋಗಿದೆ. ನಾನೂ ಬಿಟ್ಟೆ. ಕಾರ್ಖಾನೇಲಿ ಅಚ್ಚು ಒಂದ್ಸಲ ಆದ್ಮೇಲೆ... ಹೇಳಿ ನೋಡ್ತೀನಿ." ಅವಳ ಮುಖ ನೋಡದೆ ಹೇಳಿದ.

* * *

ಅವನು ಹಾಸಿಗೆ ಹಿಡಿದಿದ್ದಾಗ, ಕಂಬಿ ಹಾರಿ ಬೀಳುತ್ತಾರೇನೋ ಎಂದು ಅವಳಿಗೆ ಹೆದರಿಕೆಯಿತ್ತು. ಮನೆಗೆ ಬರುತ್ತಿದ್ದ ನರ್ಸ್ ಕೂಡ, "ಕೈ ಕಟ್ಟಿಬಿಡಿ, ಮೆತ್ತಗಿನ ಬಟ್ಟೇಲಿ" ಅಂದಿದ್ದಳು. ಕನಕವಲ್ಲಿ ತನ್ನ ಹಳೆಯ ಸೀರೆಯ ಅಂಚು ಹರಿದು, ನೋಯದ ಹಾಗೆ, ಆ ಎಡಗೈಯನ್ನು ಮಂಚಕ್ಕೆ ಕಟ್ಟಿದಳು. ಅವನು ಗಂಟನ್ನೇ ನೋಡಿದ. ಆಮೇಲೆ ಅವಳ ಬೆರಳುಗಳನ್ನು ನೋಡಿದ. ಮತ್ತೆ ಕೈ ಅಲುಗಾಡಿಸಲಿಲ್ಲ. ಅಂತೂ ಇವರಿಗೆ ಸಮಾಧಾನವಾಯಿತು ಎಂದುಕೊಂಡು ಅವಳು ಗಂಜಿ ಕಾಯಿಸಲು ಹೋದಳು.

* * *

ಹೊರಗೆ ಸಾವಿನ ಪರೆ ತಮಟೆ ಬಡಿಯತೊಡಗಿದರು. ಹೆಣದ ಬಾಯಿಗೆ ಅಕ್ಕಿ ಹಾಕಿಸಿದರು. ಕನಕವಲ್ಲಿ ಅವನ ಎಡ ಮುಂಗೈಯನ್ನು ಹುಡುಕಿ ಹಿಡಿದಳು. ಅದಾಗಲೇ ಮರದಂತೆ ಬಿಗಿದಿತ್ತು. ತಾಯಮ್ಮಾಳ್ ಅವಳನ್ನು ಹಿಂದಕ್ಕೆಳೆದಳು. "ಬಿಡಿ ಅತ್ತಿಗೆ. ಹೊತ್ತಾಯ್ತಂತೆ."

ಗಂಡಸರು ಸ್ಮಶಾನಕ್ಕೆ ಹೋದರು. ಹೆಂಗಸರು ಮನೆ ತೊಳೆದರು. ನೆಲ ಆರುವ ಮೊದಲೇ ಸಾಮಾನಿನ ಆಟೊ ಬಂತು. ಸತ್ತವರ ಮಂಚ ಮನೆಯಲ್ಲಿ ಇರಬಾರದೆಂದು ತಾಯಮ್ಮಾಳೇ ಬಾಡಿಗೆ ಅಂಗಡಿಗೆ ಫೋನ್ ಮಾಡಿದ್ದಳು.

"ಎಲ್ಲಿಗೆ ಒಯ್ತೀಯಪ್ಪ?" ಕನಕವಲ್ಲಿ ಕೇಳಿದಳು.

"ಸಿಂಗಾನಲ್ಲೂರಿಗೆ ಅಮ್ಮ. ಒಬ್ರು ಅಜ್ಜಿ, ಸೊಂಟ ಮುರಿದಿದೆ. ಬೆಳಿಗ್ಗೆಯಿಂದ ನೆಲದ ಮೇಲೇ ಇದ್ದಾರಂತೆ."

"ಕಂಬಿ ಏರಿಸ್ಬೇಡಿ ಅಂತ ಹೇಳು."

"ಏರಿಸ್ದಿದ್ರೆ ಬಿದ್ದುಹೋಗ್ತಾರಲ್ಲಮ್ಮ?"

"ಹೌದಲ್ಲ" ಎಂದಳು.

ಆಟೊದವನು ಮಂಚಕ್ಕೆ ಹಗ್ಗ ಬಿಗಿದು ಹೊರಟ. ತಲೆಯ ಕಡೆ ಎತ್ತಿ ಇಳಿಸುವ ಹಲಗೆಯನ್ನು ಕಟ್ಟಲು ಮರೆತಿದ್ದ. ಆಟೊ ಬೀದಿಯ ಗುಂಡಿಗೆ ಇಳಿದಾಗಲೆಲ್ಲ ಆ ಹಲಗೆ ಸ್ವಲ್ಪ ಮೇಲೆದ್ದು, ಮತ್ತೆ ಮೆಲ್ಲಗೆ ಮಲಗುತ್ತಿತ್ತು.