ಬೆಂಚಿನ ಕೆಳಗಿನ ಗೋಡೆ

ಎಲ್ಲಿಂದ ಶುರುಮಾಡಲಿ? ಸೀದಾ ಅಗೆತದಿಂದ ಅಂದರೆ ಇವಳು ಒಪ್ಪುವುದಿಲ್ಲ. ಇವಳು ಅಂದರೆ ನನ್ನ ಕಥೆಯ ಪುರಾತತ್ವ ಸಂಶೋಧಕಿ, ಸಾರ್ವಜನಿಕ ಪಾರ್ಕಿನಲ್ಲಿ ಹಳೇ ಊರಿನ ಕುರುಹು ಹುಡುಕುತ್ತಿರುವವಳು. ಅಂಥ ಜಾಗದಲ್ಲಿ ಗುದ್ದಲಿ ಹಾಕುವ ಮುಂಚೆ ಪ್ಲಾನ್ ಬರೆದು ಒಪ್ಪಿಗೆ ಪಡೆಯಬೇಕು: ನಿಮ್ಮ ಪ್ರಶ್ನೆ ಏನು, ಎಲ್ಲಿ ಅಗೆಯುತ್ತೀರಿ, ಎಲ್ಲಿಗೆ ನಿಲ್ಲಿಸುತ್ತೀರಿ. (ನನಗೂ ಈ ಕಟ್ಟುಪಾಡು ಇದ್ದಿದ್ದರೆ ಒಂದು ಕಥೆಯನ್ನೂ ಬರೆಯುತ್ತಿರಲಿಲ್ಲ.)

೧. ಮೊದಲ ಡ್ರಾಫ್ಟಿನಲ್ಲಿ ಚಿನ್ನದ ಗಡಿಗೆ ಸಿಕ್ಕಿತು. ಅವಳು ನಕ್ಕುಬಿಟ್ಟಳು. ಹರಿದುಹಾಕಿದೆ.

೩. (ಎರಡನೆಯದು ಹೇಳಿಕೊಳ್ಳುವ ಹಾಗಿಲ್ಲ.) ಈ ಸಲ ಸಿಕ್ಕಿದ್ದು ಇಟ್ಟಿಗೆಯ ಗೋಡೆ. ಅದು ನೆಟ್ಟಗೆ ಹೋಗಿ, ಗುಂಡಿಯ ಅಂಚು ದಾಟಿ, ಅವಳಪ್ಪ ದಿನಾ ಬೆಳಿಗ್ಗೆ ಬಂದು ಕೂರುವ ಬೆಂಚಿನ ಕೆಳಗೆ ನುಸುಳಿದೆ. ಪ್ಲಾನಿನ ಗೆರೆ ಮೀರುವಂತಿಲ್ಲ, ನಾಳೆ ಗುಂಡಿ ಮುಚ್ಚಬೇಕು. ಅಪ್ಪನಿಗೋ ಆ ಗೋಡೆಯ ತುದಿ ನೋಡುವ ಆಸೆ. ಇನ್ನೊಂದು ಗುಂಡಿಗೆ ಅವರು ಕಾದಾರು, ಆಯಸ್ಸು ಕಾಯಬೇಕಲ್ಲ.

"ಇನ್ನೊಂದು ಮೊಳ ಅಗೆದುಬಿಡು," ಎಂದೆ ನಾನು. "ಕಥೆಯಲ್ಲಿ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ. ಒಂದ್ಸಲ ಅಗೆದದ್ದನ್ನ ಮತ್ತೆ ಅಗೆಯೋಕಾಗಲ್ಲ. ಮುಂದೆ ಬರೋರಿಗೆ ನಮಗಿಂತ ಒಳ್ಳೇ ಪ್ರಶ್ನೆ ಇರಬಹುದು, ಅವರಿಗೂ ಸ್ವಲ್ಪ ಇರ್ಲಿ."

ಪಾತ್ರಗಳಿಗೆ ಸಲುಗೆ ಕೊಟ್ಟರೆ ಹೀಗೇ. ನಾನು ಅಪ್ಪನನ್ನೇ ಮುಂದೆ ಬಿಟ್ಟೆ.

೪. "ಗುಂಡಿ ಸರಿಯಾಗಿ ಇಲ್ಲಿಗೇ ಯಾಕಮ್ಮ ನಿಂತಿತು?"

"ಸಾರ್ವಜನಿಕರಿಗೆ ತೊಂದರೆ ಆಗಬಾರದು ಅಂತ ನಿಯಮ ಇದೆಯಪ್ಪ."

"ಯಾವ ಸಾರ್ವಜನಿಕರು? ಈ ಮೂಲೆಗೆ ನಾನೊಬ್ಬನೇ ಬರೋದು."

ಅವಳು ಕೈಯ ಮಣ್ಣು ಉಜ್ಜಿಕೊಳ್ಳುತ್ತ ನಿಂತಳು. "ಪ್ಲಾನಿನಲ್ಲಿ ಬೆಂಚು ಎತ್ತಿಸೋಕೆ ಬರೆದಿದ್ರೆ ನೀವು ಎಲ್ಲಿ ಕೂರ್ತಿದ್ರಿ?"

ಅಪ್ಪನಿಗೆ ಗೋಡೆಯ ತುದಿ ನೋಡಿದ್ದರೂ ಇಷ್ಟು ಖುಷಿಯಾಗುತ್ತಿರಲಿಲ್ಲ. (ಇದು ನನ್ನ ಮಾತಲ್ಲ, ಆಮೇಲೆ ಪರಿಚಯದವರಿಗೆಲ್ಲ ಅವರೇ ಹೇಳಿಕೊಂಡು ತಿರುಗಿದ್ದು.)

೫. ಮುಚ್ಚುವ ಮುಂಚೆ ಗುಂಡಿಯ ತಳದಲ್ಲಿ ಆ ವರ್ಷದ ನಾಣ್ಯ ಇಡುವುದು ಇವಳ ತಂಡದ ರೂಢಿ. ಮುಂದೆಂದೋ ಅಗೆಯುವವರಿಗೆ, ಇಲ್ಲಿವರೆಗೆ ಯಾರೋ ಬಂದು ಹೋಗಿದ್ದಾರೆಂದು ತಿಳಿಯಲಿ ಅಂತ. ನಾಣ್ಯ ಅಪ್ಪನೇ ಇಟ್ಟರು. ಆಮೇಲೆ ಗೋಡೆಯೇ ತಮ್ಮದೆಂಬ ಗತ್ತಿನಲ್ಲಿ ಬೆಂಚಿಗೆ ಹೋಗಿ ಕೂತರು.

೬. ಈಗ ಮುಕ್ತಾಯ. ನನ್ನ ಬಳಿ ಎರಡಿವೆ.

ಅ) ಎಷ್ಟೋ ಕಾಲದ ಮೇಲೆ ಯಾರೋ ಬೆಂಚು ಎತ್ತಿಸಿ ಅಗೆದರು. ಗೋಡೆಯ ತುದಿಯಲ್ಲಿ ಬಾಗಿಲಿತ್ತು.

ಆ) ಅಗೆದರು. ಏನೂ ಇರಲಿಲ್ಲ.

ಯಾವುದಿರಲಿ ಎಂದು ಅವಳನ್ನೇ ಕೇಳಿದೆ.

"ಎರಡೂ ಹೊಡೆದುಹಾಕಿ," ಎಂದಳು. "ಅಪ್ಪ ಇನ್ನೂ ಕೂತಿದ್ದಾರೆ."