ಗಗನದೋಣಿಯ ಕೊನೆಯ ಮಾತು

ದೋಣಿ ಥಳಥಳ ಹೊಳೆಯುತ್ತಿತ್ತು. ಮೊದಲ ತಪ್ಪೇ ಅದು ಅಂದುಕೊಂಡಳು ಮಂಗಳಮ್ಮ.

ಪಾಂಡವಪುರದ ಟಾಕೀಸಿನ ಪರದೆಯ ತುಂಬ ನಕ್ಷತ್ರಗಳು ಸುರಿದಿದ್ದವು. ಅವುಗಳ ನಡುವೆ, ಹುಣಸೆಹಣ್ಣು ಹಾಕಿ ತಿಕ್ಕಿಟ್ಟ ಹಿತ್ತಾಳೆ ಚೊಂಬಿನ ಹಾಗೆ ಮಿನುಗುತ್ತ, ಗಗನದೋಣಿ ತೇಲಿ ಬಂತು. ಮುಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿದರು. ಅವಳು ಹುಡುಗಿಯಾಗಿದ್ದಾಗ ಟಿವಿಯಲ್ಲಿ ಬರುತ್ತಿದ್ದ ಧಾರಾವಾಹಿಯ ದೋಣಿ ಹೀಗಿರಲಿಲ್ಲ. ಅದರ ಪಕ್ಕೆಗಳು ತಗ್ಗುಬಿದ್ದಿದ್ದವು. ಬಾಗಿಲು ತೆಗೆದರೆ ಕೊಟ್ಟಿಗೆಯ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ರಟ್ಟಿಗೆ ಬೆಳ್ಳಿ ಕಾಗದ ಅಂಟಿಸಿ ಮಾಡಿದ್ದಾರೆಂದು ಆಗಲೇ ಗೊತ್ತಾಗುತ್ತಿತ್ತು. ಆದರೂ ಅದು ಎಷ್ಟೋ ದೂರ ಹೋಗಿ, ಏನೇನೋ ಕಂಡು ಬಂದ ದೋಣಿ ಅನಿಸುತ್ತಿತ್ತು. ಇದು ಶೋರೂಮಿನಿಂದ ಈಗಷ್ಟೇ ಹೊರಗೆ ಬಂದಂತಿತ್ತು.

"ಎಂಗೈತೆ ದೊಡ್ಡವ್ವ?" ಪಕ್ಕದಲ್ಲಿ ಕೂತಿದ್ದ ಅಕ್ಷಿತಾ ಕಿವಿಯ ಹತ್ತಿರ ಬಾಗಿ ಕೇಳಿದಳು.

"ಒಂದ್ ಗೀರಾದ್ರೂ ಬ್ಯಾಡ್ವಾ ಅದ್ಕೆ? ನಮ್ಮನೆ ಹಾಲಿನ ಕ್ಯಾನೇ ಇದಕ್ಕಿಂತ ಜಾಸ್ತಿ ಊರು ಸುತ್ತೈತೆ."

"ಸುಮ್ಕೆ ನೋಡು ವಸಿ. ಈಗಿನ್ನೂ ಶುರುವಾಗೈತೆ."

ಅಕ್ಷಿತಾ, ಮಂಗಳಮ್ಮನ ಚಿಕ್ಕಪ್ಪನ ಮಗಳಾದ ಕುಳ್ಳಮ್ಮನ ಮಗಳು. ಕುಳ್ಳಮ್ಮ ಈಗಿಲ್ಲ. ಅಕ್ಕಿಹೆಬ್ಬಾಳಿಗೆ ಮದುವೆಯಾಗಿ ಹೋದವಳು, ಹಸಿಬಾಣಂತಿಯಾಗಿದ್ದಾಗಲೇ ಜ್ವರ ಬಂದು ಹೊರಟುಹೋದಳು. ಹುಡುಗಿಯನ್ನು ಅಪ್ಪನ ಕಡೆಯ ಅಜ್ಜಿ ಚಿಕ್ಕಬೋರಮ್ಮ ಸಾಕಿದಳು. ಅಕ್ಷಿತಾ ಈಗ ಕೆ.ಆರ್.ಪೇಟೆಯ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಗಗನದೋಣಿಯನ್ನು ಸಿನಿಮಾ ಮಾಡಿದ್ದಾರೆ, ಮುಂದಿನ ಭಾಗವಲ್ಲ, ಅದೇ ಕತೆಯನ್ನು ಮೊದಲಿನಿಂದ ಹೊಸದಾಗಿ ಕಟ್ಟಿದ್ದಾರೆ ಎಂದು ಗೊತ್ತಾದ ದಿನದಿಂದ ಅವಳು ಫೋನು ಮಾಡಿ ಪೀಡಿಸಿದ್ದಳು. "ನಮ್ಮವ್ವ ಪ್ರಾಣ ಬುಡೋಳು ಅಂತೀಯಲ್ಲ ಅದ್ಕೆ. ನೀನೇ ಬರಾಕಿಲ್ಲ ಅಂದ್ರೆ ಯಾರ್ ಜೊತೆ ಓಗ್ಲಿ ನಾನು?" ಕೊನೆಗೆ ಭಾನುವಾರ ಸ್ಕೂಟಿ ತಂದು ಕ್ಯಾತನಹಳ್ಳಿಯ ಮನೆ ಮುಂದೆ ನಿಲ್ಲಿಸಿಯೇಬಿಟ್ಟಳು.

ಪರದೆಯ ಮೇಲೆ ದೋಣಿಯ ಕ್ಯಾಪ್ಟನ್ ಧರಣಿ ಬಂದಳು. ಹಳೆಯ ಧರಣಿಗೆ ಬಿಗಿಯಾದ ಜಡೆ, ನಿದ್ದೆಗೆಟ್ಟ ಕಣ್ಣು. ಯಾರದೋ ಮನೆಯ ಹಿರೀಸೊಸೆಯಂತಿದ್ದಳು. ಇವಳ ಕೂದಲು ಹಾರಾಡುತ್ತಿತ್ತು.

"ಆಕಾಸದಾಗೆ ಗಾಳಿ ಎಲ್ಲಿಂದ ಬಂತವ್ವ?" ಅಂದಳು ಮಂಗಳಮ್ಮ. ಅಕ್ಷಿತಾ ಅವಳ ತೊಡೆ ಚಿವುಟಿದಳು.

ಆದರೆ ಎಲ್ಲವೂ ಕೆಟ್ಟದಾಗಿತ್ತು ಎನ್ನುವಂತಿರಲಿಲ್ಲ. ನಡುವೆ ಒಂದು ಕಡೆ ದೋಣಿ ನಕ್ಷತ್ರಗಳ ಕಾಲುವೆಯೊಳಗೆ ಇಳಿಯಿತು. ಎರಡೂ ಕಡೆ ಬೆಳಕು ಸದ್ದಿಲ್ಲದೆ ಹರಿಯಿತು. ಬೆಳಗಿನ ಜಾವ ನಾಲೆಯ ಏರಿಯ ಮೇಲೆ ನಡೆಯುವಾಗ ನೀರಿನೊಳಗಿನ ಚುಕ್ಕಿಗಳು ತನ್ನ ಜೊತೆಗೇ ನಡೆದು ಬರುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಅದು ಇವರಿಗೆ ಹೇಗೆ ಗೊತ್ತಾಯಿತು? ಕೈಯಲ್ಲಿದ್ದ ಮಂಡಕ್ಕಿಯ ಪೊಟ್ಟಣ ಮರೆತುಹೋಯಿತು. ರಟ್ಟಿನ ದೋಣಿಯಿಂದ ಇದು ಆಗುತ್ತಿರಲಿಲ್ಲ ಎಂದು ಮನಸ್ಸಿನೊಳಗೇ ಒಪ್ಪಿಕೊಂಡಳು. ಒಪ್ಪಿಕೊಂಡ ಕೂಡಲೇ ಭಯವಾಯಿತು. ಇವರು ಇಷ್ಟು ಚೆನ್ನಾಗಿ ಮಾಡಬಲ್ಲವರಾದರೆ ಕೊನೆಯ ದೃಶ್ಯವನ್ನೂ ಚೆನ್ನಾಗಿಯೇ ಮಾಡುತ್ತಾರೆ.

ಆ ಕೊನೆಯ ದೃಶ್ಯಕ್ಕಾಗಿಯೇ ಅವಳು ಈ ಸಿನಿಮಾಕ್ಕೆ ಬರಲು ಹೆದರಿದ್ದು.

ಧಾರಾವಾಹಿ ಮುಗಿಯುವ ಸಂಜೆ ಊರಿನಲ್ಲಿ ಕರೆಂಟಿರಲಿಲ್ಲ. ಮಂಚಯ್ಯನ ಆಲೆಮನೆಯಲ್ಲಿ ಒಂದು ಪುಟ್ಟ ಕಪ್ಪುಬಿಳುಪು ಟಿವಿ ಇತ್ತು. ಕುಳ್ಳಮ್ಮ ಅವನ ಟ್ರಾಕ್ಟರಿನ ಬ್ಯಾಟರಿ ಬಿಚ್ಚಿಸಿ ಅದಕ್ಕೆ ಹಾಕಿಸಿದಳು. ಹೇಗೆ ಒಪ್ಪಿಸಿದಳೋ. ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಕುದಿಯುತ್ತಿತ್ತು. ಇಬ್ಬರೂ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತು, ಕಬ್ಬಿನ ತುಂಡಿಗೆ ಮೆತ್ತಿಕೊಟ್ಟ ಬಿಸಿಬೆಲ್ಲ ಚೀಪುತ್ತ ನೋಡಿದರು. ದೋಣಿಯಲ್ಲಿ ಒಬ್ಬರಿಗೆ ಜಾಗ ಸಾಲದು; ದೋಣಿ ನಡೆಸುವ ಹುಡುಗಿ ಚಂಪಾ ಆ ಬರಡು ಗ್ರಹದಲ್ಲೇ ಉಳಿಯಬೇಕು. ಬಾಗಿಲಿನಲ್ಲಿ ಧರಣಿ, ಹೊರಗೆ ಚಂಪಾ. ಅಷ್ಟರಲ್ಲಿ ಬ್ಯಾಟರಿ ಇಳಿಯಿತು. ಮೊದಲು ಸದ್ದು ಹೋಯಿತು. ಆಮೇಲೆ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗತೊಡಗಿತು. ತುಟಿಗಳು ಮಾತ್ರ ಆಡುತ್ತಿದ್ದವು.

"ನೀ ಕ್ಯಾಪ್ಟನ್ನು, ನಾ ಚಂಪಾ. ಏಳು, ಬೇಗ ಏಳು," ಎಂದು ಕುಳ್ಳಮ್ಮ ಮೊಣಕೈಯಲ್ಲಿ ತಿವಿದಳು.

"ಬಾರೇ, ಓಗನ," ಅಂದಳು ಮಂಗಳಮ್ಮ, ಕ್ಯಾಪ್ಟನ್ ಪರವಾಗಿ.

ಚಂಪಾಳ ತುಟಿ ಅಲುಗಿತು. ಕುಳ್ಳಮ್ಮ ಹೇಳಿದಳು: "ನೀ ಮುಂದೆ ಓಗ್ತಿರು ಅಕ್ಕ. ಗದ್ದೆಗೆ ನೀರ್ ಬುಟ್ಟಿವ್ನಿ. ಮಡೆ ತಿರುಗ್ಸ್‌ಬುಟ್ಟು ಇಂದೆನೇ ಬತ್ತೀನಿ."

ಚಿತ್ರ ಬೆಂಕಿಪೊಟ್ಟಣದಷ್ಟಾಯಿತು, ಚುಕ್ಕಿಯಾಯಿತು, ಆರಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆ ಬರಡು ಗ್ರಹದಲ್ಲಿ ಗದ್ದೆಯೆಲ್ಲಿ, ನೀರೆಲ್ಲಿ, ನೀರು ತಿರುಗಿಸುವ ಮಡೆಯೆಲ್ಲಿ!

ನಿಜವಾಗಿ ಚಂಪಾ ಏನು ಹೇಳಿದ್ದಳೋ ಮಂಗಳಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಆ ಟೇಪುಗಳೇ ಉಳಿದಿಲ್ಲವಂತೆ. ಅವಳು ಹುಡುಕಿದವಳೂ ಅಲ್ಲ. ಕುಳ್ಳಮ್ಮ ಹೋದ ಮೇಲೆ ಅವಳ ಮದುವೆಯ ಒಂದು ಫೋಟೊ ಉಳಿದಿತ್ತು, ಒಂದು ಹಸಿರು ಸೀರೆ ಉಳಿದಿತ್ತು. ಧ್ವನಿ ಮಾತ್ರ ಎಲ್ಲೂ ಉಳಿದಿರಲಿಲ್ಲ, ಈ ಒಂದು ಮಾತಿನಲ್ಲಿ ಬಿಟ್ಟು. ಹಾಲು ಕರೆಯುವಾಗ, ಹೊರೆ ಹುಲ್ಲು ಹೊತ್ತು ಬರುವಾಗ, ಗಂಡ ನಾಗರಾಜು ಪಕ್ಕದಲ್ಲಿ ಮಲಗಿ ಗೊರಕೆ ಹೊಡೆಯುವಾಗ ಅವಳು ಅದನ್ನು ಒಳಗೇ ಕೇಳಿಸಿಕೊಳ್ಳುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಅಕ್ಷಿತಾಗೂ ಹೇಳಿರಲಿಲ್ಲ. ಹೇಳಿದರೆ ಸವೆದೀತು ಎಂದು ಅವಳ ಎಣಿಕೆ.

ಪರದೆಯ ಮೇಲೆ ಬಾಗಿಲು ತೆರೆಯಿತು. ಕಿರುಗುಟ್ಟಲಿಲ್ಲ. ಹೊಸ ಚಂಪಾ ಚೆಲುವೆ. ಅವಳ ಕಣ್ಣಂಚಿನಲ್ಲಿ ನಿಂತ ನೀರೂ ಸ್ಪಷ್ಟವಾಗಿ ಕಾಣಿಸುತ್ತಿತ್ತು. "ಈ ಬ್ರಹ್ಮಾಂಡದಲ್ಲಿ ಯಾರೂ ಒಂಟಿಯಲ್ಲ ಕ್ಯಾಪ್ಟನ್. ಒಂದು ನಕ್ಷತ್ರ ಕಂಡಾಗಲೆಲ್ಲ ನನ್ನನ್ನು ನೆನೆಯಿರಿ," ಅಂದಳು. ಮಾತು ಟಾಕೀಸಿನ ನಾಲ್ಕೂ ಗೋಡೆಗಳಿಂದ ಬಂತು. ಕೂತ ಕುರ್ಚಿಯೂ ನಡುಗಿತು. ಆಮೇಲೆ, ಯಾರೂ ಎಣಿಸದ ಹಾಗೆ, ಎಲ್ಲ ಸದ್ದೂ ನಿಂತಿತು. ದೋಣಿ ಮೌನವಾಗಿ ದೂರ ಸರಿಯುತ್ತ ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಶಿಳ್ಳೆಯ ಹುಡುಗರೂ ಸುಮ್ಮನಾಗಿದ್ದರು.

ಈ ಮೌನ ತನಗೆಂದೇ ಬಿಟ್ಟಂತೆ ಮಂಗಳಮ್ಮ ಕಣ್ಣು ಮುಚ್ಚಿ ಕಾದಳು. ಮಾತು ಬಂತು. ನೀ ಮುಂದೆ ಓಗ್ತಿರು ಅಕ್ಕ. ಆದರೆ ಅದು ತನ್ನದೇ ಧ್ವನಿಯಲ್ಲಿ ಬಂತು. ಮತ್ತೊಮ್ಮೆ ಕರೆದಳು. ಈ ಸಲ ಹೊಸ ಚಂಪಾಳ ಧ್ವನಿ. ಕುಳ್ಳಮ್ಮ ಬರಲಿಲ್ಲ.

ದೀಪ ಹತ್ತಿತು.

"ಎಂಗಿತ್ತು?" ಹೊರಗೆ ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ ಅಕ್ಷಿತಾ ಕೇಳಿದಳು. ಅವಳ ಕಣ್ಣುಗಳು ಅತ್ತು ಕೆಂಪಾಗಿದ್ದವು.

"ಬರಬಾರ್ದಿತ್ತು."

"ಅದ್ಯಾಕಂಗಂತೀಯ? ನಕ್ಷತ್ರದ್ ಕಾಲ್ವೆ ಬಂದಾಗ ಬಾಯ್ ಬುಟ್ಕಂಡ್ ನೋಡ್ತಿದ್ದೆ, ನಾನು ಕಂಡೆ."

"ಚೆಂದ ಇದ್ದಿದ್ದ ಚೆಂದ ಅನ್ನನ. ಆದ್ರೆ ಬರಬಾರ್ದಿತ್ತು ಕಣ್ ಮಗ."

ಸ್ಕೂಟಿ ಊರು ದಾಟಿತು. ಎರಡೂ ಕಡೆ ಎದೆಮಟ್ಟ ಕಬ್ಬು. ಎದುರು ಗಾಳಿಗೆ ಸೆರಗು ಪಟಪಟ ಬಡಿಯುತ್ತಿತ್ತು. ಮಂಗಳಮ್ಮ ಆ ಮಾತನ್ನು ಮತ್ತೆ ಮತ್ತೆ ಒಳಗೆ ಆಡಿಕೊಂಡಳು. ಮಾತುಗಳೆಲ್ಲ ಇದ್ದವು, ಒಂದೂ ಕಳೆದಿರಲಿಲ್ಲ. ತೊಳೆದು ಬೋರಲು ಹಾಕಿದ ಪಾತ್ರೆಗಳ ಹಾಗಿದ್ದವು.

"ದೊಡ್ಡವ್ವ," ಅಕ್ಷಿತಾ ಮುಂದೆ ನೋಡಿಕೊಂಡೇ ಕೇಳಿದಳು. "ನಮ್ಮವ್ವ ನೋಡಿದ್ರೆ ಏನಂದಿರೋಳು?"

ಕುಳ್ಳಮ್ಮ ಏನು ಅಂದಾಳು ಎಂದು ಊಹಿಸುವುದಕ್ಕೂ ಅವಳ ಧ್ವನಿ ಬೇಕಲ್ಲ, ಅಂದುಕೊಂಡಳು ಮಂಗಳಮ್ಮ. ಅಷ್ಟರಲ್ಲಿ ಬೇಯುವ ಬೆಲ್ಲದ ವಾಸನೆ ಮುಖಕ್ಕೆ ಅಡ್ಡ ಬಂತು.

"ಗಾಡಿ ನಿಲ್ಸು," ಅಂದಳು.

ಮಂಚಯ್ಯನ ಆಲೆಮನೆಗೆ ಈಗ ತಗಡಿನ ಮಾಡು ಬಂದಿತ್ತು. ಕೊಪ್ಪರಿಗೆಯಿಂದ ಆವಿ ಏಳುತ್ತಿತ್ತು. ಮುದುಕ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

"ಏನವ್ವಾ ಮಂಗ್ಳಿ, ಸೀರೆ ಗೀರೆ ಜೋರಾಗೈತೆ. ಎಲ್ಲಿಗೋಗಿದ್ದೆ?"

"ಪಿಚ್ಚರ್‌ಗೆ ಕಣ್ ಮಾವ. ಗಗನದೋಣಿ."

"ಅಯ್ಯೋ, ಇನ್ನೂ ಮುಗಿದಿಲ್ವಾ ಅದು! ಅದರ ದೆಸೆಯಿಂದ ಬೆಳಗೆದ್ದು ಟ್ರಾಕ್ಟ್ರು ಸ್ಟಾರ್ಟೇ ಆಗ್ಲಿಲ್ಲ. ಆಳುಗಳೆಲ್ಲ ತಳ್ಳಿ ತಳ್ಳಿ ಸುಸ್ತಾಗೋದ್ರು. ಆ ಕುಳ್ಳಿ ಮಾತ್ರ ದಿಬ್ಬದ ಮ್ಯಾಲೆ ನಿಂತ್ಕಂಡು, ಜೋರಾಗ್ ತಳ್ರಪ್ಪ ಅಂತ ಕೂಗೋಳು." ಹಲ್ಲಿಲ್ಲದ ಬಾಯಲ್ಲಿ ನಕ್ಕವನು ಅಕ್ಷಿತಾಳನ್ನು ಕಣ್ಣರಳಿಸಿ ನೋಡಿದ. "ಇವ್ಳು ಅವ್ಳ ಮಗ್ಳಲ್ವಾ? ಕೂತ್ಕಳವ್ವ. ಬೆಲ್ಲ ಕೊಡ್ತೀನಿ, ಈಗ್ತಾನೆ ಇಳ್ಸಿದ್ದು."

ಕಬ್ಬಿನ ತುಂಡಿಗೆ ಮೆತ್ತಿದ ಬೆಲ್ಲ ಇನ್ನೂ ಎಳೆಯೆಳೆಯಾಗಿ ಇಳಿಯುತ್ತಿತ್ತು. ಇಬ್ಬರೂ ಸಿಪ್ಪೆಯ ರಾಶಿಯ ಮೇಲೆ ಕೂತರು. ಮಂಗಳಮ್ಮ ಆರುವವರೆಗೂ ಕಾಯಲಿಲ್ಲ. ಬಾಯಿಗೆ ಹಾಕಿಕೊಂಡ ಕೂಡಲೇ ನಾಲಿಗೆ ಸುಟ್ಟಿತು. ಬೆಲ್ಲವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸುತ್ತ, ತುಟಿ ಸುತ್ತಿ, ಉಸಿರು ಒಳಗೆಳೆದುಕೊಂಡಳು.

"ಉಶ್... ನಿಂಗೆ ಸುಡಾಕಿಲ್ವಾ..." ಎಂದು ಅಕ್ಷಿತಾಗೆ ಹೇಳಹೊರಟವಳು ನಡುವೆಯೇ ನಿಂತಳು. ತನ್ನ ಬಾಯಿಂದ ಬಂದದ್ದು ತನ್ನ ಧ್ವನಿಯಾಗಿರಲಿಲ್ಲ. ಸ್ವಲ್ಪ ದಪ್ಪ, ಸ್ವಲ್ಪ ತೊದಲು, ನಗುವೂ ಸೇರಿಕೊಂಡಂತೆ. ಕುಳ್ಳಮ್ಮ ಆ ಸಂಜೆ ಬಾಯ್ತುಂಬ ಬಿಸಿಬೆಲ್ಲ ಇಟ್ಟುಕೊಂಡೇ ಮಾತಾಡಿದ್ದಳು. ಇಷ್ಟು ವರ್ಷ ಅದು ನೆನಪೇ ಆಗಿರಲಿಲ್ಲ.

"ಏನಾಯ್ತು ದೊಡ್ಡವ್ವ?"

"ಆ ಪಿಚ್ಚರಿಂದು ಏನೋ ಇಟ್ಕಂಡಿದ್ಯಲ್ಲ ಪೋನ್ನಾಗೆ. ಬಾಗ್ಲಾಗೆ ನಿಂತಿರೋದು."

"ಟ್ರೈಲರ್ರಾ? ಐತೆ."

"ಆಕು. ಸದ್ದು ತಗ್ದಾಕ್ಬುಡು. ಇಷ್ಟ್ ದೊಡ್ದು ಬ್ಯಾಡ, ಚಿಕ್ಕದ್ ಮಾಡು."

ಅಕ್ಷಿತಾ ಏನೂ ಅರ್ಥವಾಗದೆ ಬೆರಳಾಡಿಸಿದಳು. ಚಿತ್ರ ಫೋನಿನ ಮೂಲೆಗೆ ಸರಿದು ಬೆಂಕಿಪೊಟ್ಟಣದಷ್ಟಾಯಿತು. ಅಷ್ಟು ಚಿಕ್ಕದಾದಾಗ ದೋಣಿಯ ಹೊಳಪೂ ಕಾಣಲಿಲ್ಲ, ಹಾರುವ ಕೂದಲೂ ಕಾಣಲಿಲ್ಲ. ಬಾಗಿಲಿನಲ್ಲಿ ಒಬ್ಬಳು, ಹೊರಗೆ ಒಬ್ಬಳು.

"ಕ್ಯಾಪ್ಟನ್ನು ಕರೀತಾವ್ಳೆ, ನೋಡು. ಬಾರೇ, ಓಗನ ಅಂತ," ಅಂದಳು ಮಂಗಳಮ್ಮ. ಆಮೇಲೆ ಬೆಲ್ಲವನ್ನು ನಾಲಿಗೆಯ ಮೇಲೆ ತಂದುಕೊಂಡು, ಮೆಲ್ಲಗೆ ಹೇಳಿದಳು. "ನೀ ಮುಂದೆ ಓಗ್ತಿರು ಅಕ್ಕ. ಗದ್ದೆಗೆ ನೀರ್ ಬುಟ್ಟಿವ್ನಿ. ಮಡೆ ತಿರುಗ್ಸ್‌ಬುಟ್ಟು ಇಂದೆನೇ ಬತ್ತೀನಿ."

ಬಾಗಿಲಲ್ಲಿದ್ದ ಮಂಚಯ್ಯ ಬೀಡಿ ಹಚ್ಚಹೊರಟವನು ಕಡ್ಡಿ ಗೀರದೆ ತಿರುಗಿ ನೋಡಿದ.

"ಇಂಗೇ," ಅಂದಳು ಮಂಗಳಮ್ಮ, ಗುಟುಕು ನುಂಗಿ. "ಇಂಗೇ ಮಾತಾಡೋಳು ನಿಮ್ಮವ್ವ."

ಹೊರಗೆ ನಾಲೆಯ ನೀರು ಕಬ್ಬಿನ ಗದ್ದೆಗೆ ಇಳಿಯುವ ಸದ್ದು ಕೇಳಿಸುತ್ತಿತ್ತು. ಅಕ್ಷಿತಾ ತನ್ನ ಕೈಯಲ್ಲಿದ್ದ ಕಬ್ಬಿನ ತುಂಡನ್ನು ದೊಡ್ಡವ್ವನಿಗೆ ಕೊಟ್ಟಳು. ಅದರ ಮೇಲಿನ ಬೆಲ್ಲ ಇನ್ನೂ ಬೆಚ್ಚಗಿತ್ತು. ದೊಡ್ಡವ್ವನ ಸೆರಗಿನಂಚಿನಿಂದ ಫೋನಿನ ಮೇಲಿನ ಆವಿ ಒರೆಸಿ, ಚಿತ್ರವನ್ನು ಮೊದಲಿನಿಂದ ಹಚ್ಚಿದಳು. ಪುಟ್ಟ ಬಾಗಿಲು ಮತ್ತೆ ತೆರೆಯಿತು.

"ಬಾರವ್ವ, ಓಗನ," ಅಂದಳು ಅಕ್ಷಿತಾ.

ಮಂಗಳಮ್ಮ ಬೆಲ್ಲವನ್ನು ಬಾಯಿಗೆ ಹಾಕಿಕೊಂಡಳು.