ಬೂಟು ತೊಡಿಸುವ ಪಂಚಾಯಿತಿ

ಔರಾದ ಬಸ್ ನಿಲ್ದಾಣಕ್ಕೆ ಬೀದರ ಬಸ್ಸು ಬಂದು ನಿಲ್ಲುವ ಮೊದಲೇ ಜನ ಕಿಟಕಿಯೊಳಗಿಂದ ಸೀಟಿನ ಮೇಲೆ ಟವೆಲ್ ಎಸೆಯುತ್ತಾರೆ. ಟವೆಲ್ ಯಾರದೋ ಸೀಟು ಅವರದು. ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಮೀರುವವರು ಕಡಿಮೆ. ಮಾರ್ಚ್ ತಿಂಗಳ ಒಂದು ಸಂತೆಯ ದಿನ ಸಿದ್ದೇಶ್ವರ ಅದನ್ನು ಮೀರಿದ. ಅವನ ತಾಯಿ ಗುಂಡಮ್ಮನಿಗೆ ಮೊಣಕಾಲು ನೋವು. ಬೀದರ ತನಕ ನಿಂತು ಬರಲಾರಳು. ಬಾಗಿಲ ಹಿಂದಿನ ಸೀಟಿನ ಮೇಲಿದ್ದ ಟವೆಲನ್ನು ಎತ್ತಿ ಕಂಬಿಗೆ ಹಾಕಿ, ತಾಯಿಯನ್ನು ಕೂಡಿಸಿದ.

ಟವೆಲ್ ಗೋರಖನಾಥನದು. ಔರಾದಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇರುವವನು, ಐವತ್ತರ ಆಸುಪಾಸು, ಊರಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಆಸಾಮಿ.

"ಟವೆಲ್ ಯಾರು ತೆಗದ್ರು?" ಅಂದ.

"ನಾನೇ ತೆಗದೀನ್ರಿ. ಅವ್ವಗ ಕಾಲ್ ನೋವದ. ನೀವು ಗಟ್ಟಿ ಇದ್ದೀರಿ, ನಿಂತು ಬರ್ರಿ," ಅಂದ ಸಿದ್ದೇಶ್ವರ.

"ಕಾಲ್ ನೋವಿದ್ರ ಹೊತ್ಕೊಂಡು ಹೋಗು. ನಿನ್ನ ಬೆನ್ನು ಮತ್ತ್ಯಾಕದ?"

ಹಿಂದೆ ಯಾರೋ ನಕ್ಕರು.

"ನಮ್ಮವ್ವಗ ನಾ ಹೊತ್ಕೊಂಡು ಹೋಗ್ತೇನ್ರಿ. ನಿಮಗ ಹೊತ್ತಿದ್ದೇ ನಿಮ್ಮವ್ವಗ ದಂಡ ಆತು ನೋಡ್ರಿ."

ಈ ಸಲ ನಕ್ಕವರು ಹೆಚ್ಚು. ಗೋರಖನಾಥ ಬಗ್ಗಿ ಬಲಗಾಲಿನ ಬೂಟಿನ ಲೇಸು ಬಿಚ್ಚಿದ. ಬೂಟು ಕೈಗೆ ಬಂದಾಗಲೂ ಅವನು ಏನು ಮಾಡುತ್ತಾನೆಂದು ಯಾರಿಗೂ ಹೊಳೆಯಲಿಲ್ಲ. ಮೊದಲ ಏಟು ಸಿದ್ದೇಶ್ವರನ ಕಿವಿಯ ಮೇಲೆ ಬಿತ್ತು. ಎರಡನೆಯದು ಬಾಯಿಗೆ, ತುಟಿ ಹಲ್ಲಿಗೆ ಸಿಕ್ಕು ಸೀಳಿತು. ಮೂರನೆಯದು ನೆತ್ತಿಗೆ. ಗುಂಡಮ್ಮ ಕಂಬಿ ಹಿಡಿದು ಎದ್ದು ನಿಂತು, ಕೈ ಮುಗಿದು, "ಸೀಟು ತಗೋರಿ, ಸೀಟು ತಗೋರಿ" ಅಂದಳು. ಉಳಿದವರು ಕೂತಲ್ಲೇ ಇದ್ದರು. ಒಬ್ಬ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ. ಗೋರಖನಾಥ ಮತ್ತೆ ಬೂಟು ಹಾಕಿಕೊಂಡ, ಅವಸರವಿಲ್ಲದೆ ಲೇಸು ಕಟ್ಟಿದ, ಗುಂಡಮ್ಮ ಬಿಟ್ಟ ಸೀಟಿನಲ್ಲಿ ಕೂತ.

ಬಡಿಗೆ ಏಟು ತಿಂದವನು ಮರುದಿನ ಅದನ್ನು ತೋರಿಸಿ ಮಾತಾಡಬಹುದು. ಬೂಟಿನ ಏಟು ತಿಂದವನಿಗೆ ತೋರಿಸಲು ಏನೂ ಇರುವುದಿಲ್ಲ, ಎಲ್ಲರೂ ನೋಡಿಬಿಟ್ಟಿರುತ್ತಾರೆ. ಸಿದ್ದೇಶ್ವರ ಕೆಳಗಿಳಿದು ತನ್ನ ಚಪ್ಪಲಿ ಕಳಚಿ ನಿಲ್ದಾಣದ ಹಿಂದಿನ ಗಟಾರಕ್ಕೆ ಎಸೆದ.

"ಇವನ ತಲಿಗೆ ನನ್ನ ಚಪ್ಪಲಿ ಬೀಳೋತನ ಕಾಲಾಗ ಏನೂ ಹಾಕಂಗಿಲ್ಲ."

ಇಂಥ ಆಣೆಗಳು ಈ ಕಡೆ ಹೊಸವಲ್ಲ. ಕೆಲವರು ಗಡ್ಡ ಬಿಡುತ್ತಾರೆ, ಕೆಲವರು ಒಂದೂರಿನ ನೀರು ಬಿಡುತ್ತಾರೆ. ಯಾರದೋ ಮದುವೆ ಬಂದಾಗ ಹಿರಿಯರು ಬೈದು ಬಿಡಿಸುತ್ತಾರೆ. ಸಿದ್ದೇಶ್ವರನ ಆಣೆ ಯಾವ ಮದುವೆಗೂ ಬಗ್ಗಲಿಲ್ಲ.

ಅವನು ಬೀದರಿನ ಅಂಚಿನ ಕೊಳಾರದಲ್ಲಿ, ಕಬ್ಬಿಣದ ತಿಜೋರಿ ಮಾಡುವ ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ಕೆಲಸಕ್ಕಿದ್ದ. ಅಲ್ಲಿ ದಪ್ಪ ಬೂಟು ಇಲ್ಲದವರನ್ನು ಯಂತ್ರದ ಹತ್ತಿರ ಬಿಡುವುದಿಲ್ಲ. ಮೇಸ್ತ್ರಿ ಜುನೈದ ಮೊದಲ ವಾರ ಹೇಳಿ ನೋಡಿದ.

"ಸಿದ್ದು ಭಾಯ್, ಅಂವ ಹೊಡದಿದ್ದು ಔರಾದದಾಗ. ನೀ ಸಾಯೋದು ಕೊಳಾರದಾಗ ಯಾಕ?"

"ಸಾಯಂಗಿಲ್ಲ ತಗೋ."

"ಕಾಲಿಗರ ಕೇಳು ಒಮ್ಮಿ. ಅದೇನು ಆಣಿ ಮಾಡಿಲ್ಲಲ್ಲ."

ಕೊನೆಗೆ ಜುನೈದ ಅವನನ್ನು ಬಣ್ಣ ಒಣಗಿಸುವ ಶೆಡ್ಡಿಗೆ ಹಾಕಿದ. ಏಪ್ರಿಲ್ ಬಂತು. ಡಾಂಬರು ರಸ್ತೆ ಕಾದ ಹೆಂಚಾಯಿತು. ಅಂಗಾಲು ಮೊದಲು ಗುಳ್ಳೆ ಎದ್ದಿತು, ಆಮೇಲೆ ಸೀಳಿತು, ಆಮೇಲೆ ತೊಗಲು ದಪ್ಪಗಾಯಿತು. ಅಷ್ಟಕ್ಕೆ ನಿಂತಿದ್ದರೆ ಬದುಕು ನಡೆಯುತ್ತಿತ್ತು. ಬಸ್ಸಿನ ವಿಡಿಯೊ ಮಾತ್ರ ನಿಲ್ಲಲಿಲ್ಲ. ಶೆಡ್ಡಿನ ಹುಡುಗರೂ ನೋಡಿದ್ದರು.

ಒಂದು ಭಾನುವಾರ ಅವನು ಹೊಸ ಚಪ್ಪಲಿ ಜೋಡಿ ಕೊಂಡು, ಹಳೆ ಪೇಪರಿನಲ್ಲಿ ಸುತ್ತಿ, ಔರಾದಿಗೆ ಹೋದ. ಗೋರಖನಾಥ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿದ್ದ. ಸಿದ್ದೇಶ್ವರ ಬೀಸಿದ ಚಪ್ಪಲಿ ಅವನ ಭುಜಕ್ಕೆ ಬಿತ್ತು. ಮತ್ತೆ ಎತ್ತುವಷ್ಟರಲ್ಲಿ ಗೋರಖನಾಥನ ಅಣ್ಣನ ಮಗ ಅಜಿಂಕ್ಯ ಹಿಂದಿನಿಂದ ಗುದ್ದಲಿ ಕಾವಿನಿಂದ ಪಕ್ಕೆಗೆ ಹೊಡೆದ. ಕೆಳಗೆ ಬಿದ್ದವನನ್ನು ಇಬ್ಬರು ಹಮಾಲರು ಒದ್ದರು, ಗೊಬ್ಬರದ ಚೀಲಗಳ ನಡುವೆ, ಬಾಗಿಲ ತನಕ ಒದೆಯುತ್ತಲೇ ತಂದರು. ಒಂದು ಪಕ್ಕೆಲುಬು ಮುರಿಯಿತು, ಒಂದು ಹಲ್ಲು ಅಲ್ಲೇ ಉಳಿಯಿತು. ಪೊಲೀಸ್ ಠಾಣೆಗೆ ಎರಡೂ ಕಡೆಯವರು ಹೋಗಲಿಲ್ಲ.

ಚಪ್ಪಲಿ ಜೋಡಿಯನ್ನು ಕೈಬಿಡದೆ ಬೀದರಿನ ಮನೆಗೆ ಬಂದಾಗ ಹೆಂಡತಿ ಬಸವೇಶ್ವರಿ ಅವನ ಬಾಯಿ ತೊಳೆದಳು. ಅವನು ಹೇಳಿದ್ದು ಒಂದೇ ಮಾತು.

"ತಲಿಗೆ ಬೀಳ್ಲಿಲ್ಲ."

ಮೇ ತಿಂಗಳಲ್ಲಿ ಶೆಡ್ಡಿನ ನೆಲದ ಮೇಲೆ ಬಿದ್ದಿದ್ದ ತಗಡಿನ ಚೂರೊಂದು ಎಡಗಾಲಿನ ಹಿಮ್ಮಡಿಗೆ ಹೊಕ್ಕಿತು. ಸಿದ್ದೇಶ್ವರ ತಾನೇ ಇಕ್ಕಳ ಹಾಕಿ ಎಳೆದ. ಅರ್ಧ ಬಂತು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಎಕ್ಸ್-ರೇ ತೆಗೆಸು, ಕೊಯ್ದು ತೆಗೆಯಬೇಕು, ಆಮೇಲೆ ಎರಡು ತಿಂಗಳು ಮೆತ್ತನೆ ಚಪ್ಪಲಿ ಹಾಕಲೇಬೇಕು ಅಂದರು. ಚಪ್ಪಲಿ ಅನ್ನುವ ಮಾತಿಗೆ ಅವನು ಎದ್ದು ಬಂದ. ಗಾಯದ ಬಾಯಿ ತಾನಾಗಿ ಮುಚ್ಚಿತು. ನೋಡುವವರಿಗೆ ಅದು ಒಂದು ಕಪ್ಪು ಕಲೆ. ಒಳಗೆ ಕೀವು ತುಂಬುತ್ತಿತ್ತು. ಅವನು ಪಾದದ ಅಂಚಿನ ಮೇಲೆ ನಡೆಯತೊಡಗಿದ. ಯಾರಾದರೂ ಕೇಳಿದರೆ ಉಳುಕಿದೆ ಅನ್ನುತ್ತಿದ್ದ.

ಒಂದು ಸಂಜೆ ಬಸವೇಶ್ವರಿ ಮನೆ ಬಾಗಿಲಲ್ಲಿ ಆ ಹೊಸ ಚಪ್ಪಲಿಗಳನ್ನೇ ಅವನ ಕಾಲ ಮುಂದೆ ಇಟ್ಟಳು.

"ಯಾರೂ ಇಲ್ರಿ ಇಲ್ಲಿ. ನಾಕು ಹೆಜ್ಜಿ ಹಾಕ್ಕೊಂಡು ನಡೀರಿ. ನಾ ಯಾರಿಗೂ ಹೇಳಂಗಿಲ್ಲ."

ಅವನು ಕೆನ್ನೆಗೆ ಹೊಡೆದ. ಅವಳ ತಲೆ ಚೌಕಟ್ಟಿಗೆ ಬಡಿಯಿತು. ಮದುವೆಯಾದ ಮೇಲೆ ಇದೇ ಮೊದಲು.

"ಹೊಡಿಯೋದಿದ್ರ ಔರಾದಿಗಿ ಹೋಗಿ ಹೊಡೀರಿ," ಅಂದಳು. "ಇಲ್ಲಿ ನಾ ಒಬ್ಬಾಕಿ ಇದ್ದೀನಂತ ಕೈ ಓಡ್ತದೇನು?"

ಆ ರಾತ್ರಿ ಇಬ್ಬರೂ ಊಟ ಮಾಡಲಿಲ್ಲ. ಇವನು ಕಾಲು ಕಳೆದುಕೊಳ್ಳುತ್ತಾನೆ, ಇಲ್ಲ ಯಾರದಾದರೂ ಜೀವ ತೆಗೆಯುತ್ತಾನೆ, ಅದಕ್ಕೆ ಮೊದಲು ಇವನ ಕಾಲಿಗೆ ಏನಾದರೂ ಹಾಕಿಸಬೇಕು. ಹೀಗೆ ಅಂದುಕೊಂಡು ಬಸವೇಶ್ವರಿ ಬೆಳಗಾದ ಕೂಡಲೇ ಭಾಲ್ಕಿ ಬಸ್ಸು ಹತ್ತಿದಳು.

ಭಾಲ್ಕಿಯಲ್ಲಿ ಬಟ್ಟೆ ಅಂಗಡಿ ಇರುವ ಶಿವರಾಜಪ್ಪ ಗುಂಡಮ್ಮನ ಚಿಕ್ಕಪ್ಪನ ಮಗ; ಸಿದ್ದೇಶ್ವರನಿಗೆ ಮಾಮಾ. ಹಣೆ ತುಂಬ ವಿಭೂತಿ, ಮೆಲುದನಿ. ಗೋರಖನಾಥನಿಗೂ ಹಳೆಯ ಸ್ನೇಹಿತ. ಬಸವೇಶ್ವರಿ ಹೇಳಿದ್ದು ಬಸ್ಸಿನ ಜಗಳ, ಆಣೆ, ಅಂಗಡಿಯ ಹೊಡೆತ, ಇಷ್ಟೇ. ಅವನು ಅದನ್ನು ಕೇಳಿ, ಔರಾದಿಗೆ ಫೋನು ಹಚ್ಚಿ, ಒಂದು ದಾರಿ ಹುಡುಕಿದ. ಗೋರಖನಾಥ ತನ್ನ ಕೈಯಿಂದ ಸಿದ್ದೇಶ್ವರನ ಕಾಲಿಗೆ ಹೊಸ ಬೂಟು ತೊಡಿಸಬೇಕು. ಕಾಲು ಮುಟ್ಟಿದವನ ತಲೆ ತಾನಾಗಿ ತಗ್ಗಿದಂತೆ. ತಗ್ಗಿದ ತಲೆಗೆ ಚಪ್ಪಲಿ ಬೇಕಿಲ್ಲ.

ಗೋರಖನಾಥ ಒಪ್ಪಿದ. ಅವನ ತಾಯಿ ವತ್ಸಲಾಬಾಯಿ ಆ ವಿಡಿಯೊ ನೋಡಿದ ದಿನದಿಂದ ಅವನೊಡನೆ ಮಾತು ಬಿಟ್ಟಿದ್ದಳು. ತನ್ನ ವಯಸ್ಸಿನ ಹೆಂಗಸು ಕೈ ಮುಗಿದು ನಿಂತದ್ದನ್ನು ಅವಳು ಮರೆಯಲಿಲ್ಲ.

ಸಿದ್ದೇಶ್ವರನೂ ಒಪ್ಪಿದ, ಒಂದು ಕರಾರಿನ ಮೇಲೆ.

"ಹಿಮ್ಮಡಿ ಸುದ್ದಿ ಮಾಮಾಗೂ ಹೇಳಬ್ಯಾಡ. ಕುಂಟಗ ದಯಾ ಮಾಡಿದೆ ಅಂತ ಅಂವ ಊರ ತುಂಬ ಹೇಳ್ಕೊಂಡು ತಿರಗ್ತಾನ."

"ಬೂಟು ಹಾಕೋದು ಹ್ಯಾಂಗ್ರಿ ಮತ್ತ?"

"ಒಂದು ಗಳಿಗಿ. ಹಲ್ಲು ಕಚ್ಚಿ ತಡಕೋತೇನಿ."

ಶಿವರಾಜಪ್ಪ ಫೋನಿನಲ್ಲಿ ಬೂಟಿನ ನಂಬರ್ ಕೇಳಿದಾಗ ಬಸವೇಶ್ವರಿ ಎಂಟು ಅಂದಳು. ಅದು ಮಾರ್ಚ್ ತಿಂಗಳ ಕಾಲಿನ ನಂಬರು. ಬಾವು ಬಂದ ಎಡಗಾಲಿಗೆ ಒಂಬತ್ತೂ ಸಾಲುತ್ತಿರಲಿಲ್ಲ. ಒಂಬತ್ತು ಅಂದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ಇವನು ಬರುವುದಿಲ್ಲ.

ಜೂನ್ ಬಂದರೂ ಮಳೆ ಬಂದಿರಲಿಲ್ಲ. ಪಂಚಾಯಿತಿ ಮಧ್ಯಾಹ್ನ ಶಿವರಾಜಪ್ಪನ ಮನೆಯ ಪಡಸಾಲೆಯಲ್ಲಿ. ಆ ಮನೆಯ ಹೊಸ್ತಿಲು ದಾಟಿ ಚಪ್ಪಲಿ ಬಂದದ್ದನ್ನು ಯಾರೂ ಕಂಡಿಲ್ಲ. ಬೀಗರು ಬಂದರೂ ಹೊರಗಿನ ಕಲ್ಲಿನ ಮೇಲೆ ಬಿಟ್ಟೇ ಬರಬೇಕು. ಗೋರಖನಾಥ ಬೂಟು ಬಿಚ್ಚಿದ. ಜೊತೆಗೆ ಬಂದಿದ್ದ ಅಜಿಂಕ್ಯ ತನ್ನ ಬಿಳಿ ಬೂಟುಗಳನ್ನು ಬಿಚ್ಚುತ್ತ, ನೇರವಾಗಿ ಒಳಗೆ ಹೋಗುತ್ತಿದ್ದ ಸಿದ್ದೇಶ್ವರನನ್ನು ನೋಡಿದ.

"ಇವ್ರದು ಛಲೋ ಅದ ನೋಡ್ರಿ ಕಾಕಾ. ಬಿಡೋ ತ್ರಾಸೇ ಇಲ್ಲ."

"ನಿಂದೂ ಬಿಡಸ್ತೇನಿ, ತಡಿ," ಅಂದ ಸಿದ್ದೇಶ್ವರ.

"ಇಬ್ರೂ ಬಾಯಿ ಮುಚ್ಚಿ ಕೂಡ್ರಿ," ಅಂದ ಶಿವರಾಜಪ್ಪ.

ಸಿದ್ದೇಶ್ವರ ಕುರ್ಚಿಯ ಮೇಲೆ, ಗೋರಖನಾಥ ಕೆಳಗೆ ಚಾಪೆಯ ಮೇಲೆ. ಗುಂಡಮ್ಮ ಗೋಡೆಗೆ ಒರಗಿ ಕಾಲು ಚಾಚಿದ್ದಳು. ಬಸವೇಶ್ವರಿ ಗೋರಖನಾಥನ ಹಿಂದೆ, ಅಡಿಗೆಮನೆಯ ಬಾಗಿಲಲ್ಲಿ ಗಾಜಿನ ಗ್ಲಾಸುಗಳಲ್ಲಿ ಚಹ ತುಂಬಿದ ತಟ್ಟೆ ಹಿಡಿದು ನಿಂತಿದ್ದಳು. ಗೋರಖನಾಥ ಡಬ್ಬಿ ತೆರೆದ. ಕಪ್ಪು ತೊಗಲಿನ ಗಟ್ಟಿ ಬೂಟುಗಳು, ಗಟ್ಟಿ ಹಿಮ್ಮಡಿ.

"ನಮ್ಮವ್ವ ನಿಮಗ ನಮಸ್ಕಾರ ಹೇಳ್ಯಾಳ್ರಿ," ಅಂದ, ಗುಂಡಮ್ಮನ ಕಡೆ ನೋಡಿ.

"ಆಕಿ ಕಾಲ್ ಛಲೋ ಅದಾವೇನ್ರಿ?" ಅಂದಳು ಗುಂಡಮ್ಮ.

"ಎಲ್ಲಿ ಛಲೋ. ನಿಮ್ಮಂಗೇ."

ಬಲಗಾಲು ಸುಲಭವಾಗಿ ಹೊಕ್ಕಿತು. ಗೋರಖನಾಥ ತಾನೇ ಲೇಸು ಕಟ್ಟಿದ, ಬಸ್ಸಿನಲ್ಲಿ ಕಟ್ಟಿಕೊಂಡಷ್ಟೇ ನಿಧಾನವಾಗಿ. ಶಿವರಾಜಪ್ಪನ ಮುಖ ಸಡಿಲವಾಯಿತು. ಎಡಗಾಲು ಅರ್ಧಕ್ಕೆ ನಿಂತಿತು. ಗೋರಖನಾಥ ಒತ್ತಿದ. ಸಿದ್ದೇಶ್ವರನ ಬೆರಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದವು, ಕುತ್ತಿಗೆಯ ನರ ಎದ್ದವು. ಬಸವೇಶ್ವರಿ ಬಾಯಿ ತೆರೆದಳು. ಗಂಡ ಅವಳತ್ತ ಒಮ್ಮೆ ನೋಡಿದ. ಅವಳು ಬಾಯಿ ಮುಚ್ಚಿದಳು.

"ಹೊಸಾದು, ಬಿಗಿ ಇರ್ತದ," ಅಂದ ಗೋರಖನಾಥ. ಬೂಟಿನ ಅಂಗಡಿಯವರು ಮಾಡುವಂತೆ ಆ ಪಾದವನ್ನು ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡು, ಅಂಗೈಯಿಂದ ಹಿಮ್ಮಡಿಗೆ ಜೋರಾಗಿ ಬಡಿದ.

ಸಿದ್ದೇಶ್ವರನ ಬಲಗಾಲು ಹಾರಿತು. ಹೊಸ ಬೂಟು ಗೋರಖನಾಥನ ಮುಖದ ನಡುವೆ ಬಿತ್ತು. ಮೂಗು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅವನು ಹಿಂದಕ್ಕೆ ಉರುಳಿದ, ಬಸವೇಶ್ವರಿಯ ಕಾಲಿಗೆ ತಲೆ ತಾಗಿ, ಅವಳ ಕೈಯ ತಟ್ಟೆ ವಾಲಿ ಗ್ಲಾಸುಗಳೆಲ್ಲ ನೆಲಕ್ಕೆ ಬಿದ್ದವು. ಸಿದ್ದೇಶ್ವರ "ಕಾಲು, ಕಾಲು" ಎಂದು ಕಿರುಚುತ್ತಿದ್ದ. ಕೇಳಿದವರಿಗೆ ಅದು ಕಾಲಿಂದ ಒದ್ದೆ ಎಂಬ ಜಂಬದಂತೆ ಕೇಳಿಸಿತು.

ಅಜಿಂಕ್ಯ ನೀರಿನ ಹಿತ್ತಾಳೆ ತಂಬಿಗೆ ಎತ್ತಿ ಅವನ ತಲೆಗೆ ಹೊಡೆದ. ಮತ್ತೊಮ್ಮೆ ಹೊಡೆದ. ಕುರ್ಚಿ ಸಮೇತ ಸಿದ್ದೇಶ್ವರ ಗಾಜಿನ ಚೂರುಗಳ ಮೇಲೆ ಬಿದ್ದ. ಎಡಗಾಲಿಗೆ ಅರ್ಧ ಹೊಕ್ಕಿದ್ದ ಬೂಟು ಕಳಚಿ ಹೋಯಿತು. ಅಜಿಂಕ್ಯ ಆ ಬರಿಗಾಲನ್ನೇ ನೆಲಕ್ಕೆ ಒತ್ತಿ ತುಳಿದ, ತನ್ನ ಅಂಗಾಲಿಗೆ ಗಾಜು ಚುಚ್ಚುತ್ತಿದ್ದರೂ ತುಳಿದ. ಹಿಮ್ಮಡಿ ಒಡೆಯಿತು. ಕೀವು, ರಕ್ತ ಚಾಪೆಗೆ ಹರಿದು ವಾಸನೆ ಎದ್ದಿತು. ಆಗ ಅಜಿಂಕ್ಯ ಕಾಲು ಹಿಂದೆ ತೆಗೆದ. ಅದೇನೆಂದು ಅವನಿಗೆ ತಿಳಿಯಲಿಲ್ಲ. ಗುಂಡಮ್ಮ ಮಗನ ಕಡೆ ತೆವಳುತ್ತಿದ್ದಳು. ಶಿವರಾಜಪ್ಪ ಅವಳನ್ನು ಗಾಜಿನಿಂದ ಈಚೆಗೆ ಎಳೆದು ಹಿಡಿದಿದ್ದ.

ಅಜಿಂಕ್ಯ ಕಾಕಾನನ್ನು ಎಬ್ಬಿಸಿ ಹೊರಗೆ ತಂದ. ಗೋರಖನಾಥ ಮೂಗಿಗೆ ಟವೆಲ್ ಒತ್ತಿಕೊಂಡೇ ತನ್ನ ಬೂಟಿನೊಳಗೆ ಕಾಲು ತೂರಿಸಿದ. ಅಜಿಂಕ್ಯ ತನ್ನ ಬೂಟುಗಳನ್ನು ನೋಡುತ್ತ ನಿಂತ.

"ಬೂಟು ಹಾಕ್ಕೋ," ಅಂದ ಗೋರಖನಾಥ, ರಕ್ತ ನುಂಗುತ್ತ. "ಅಜಿಂಕ್ಯ, ನಾ ಹೇಳ್ತೇನಿ, ಹಾಕ್ಕೋ."

"ಇವನ ತಲಿಗೆ ನನ್ನ ಬೂಟು ಬೀಳೋತನ ಕಾಲಾಗ ಏನೂ ಹಾಕಂಗಿಲ್ಲ."

ಅವನು ಕಾಕಾನನ್ನು ಕಾರಿನಲ್ಲಿ ಕೂಡಿಸಿ ಈಚೆ ಬರುವಷ್ಟರಲ್ಲಿ ಬಸವೇಶ್ವರಿ ಆ ಬಿಳಿ ಬೂಟುಗಳನ್ನು ಕೈಯಲ್ಲಿ ಹಿಡಿದು ಓಡಿ ಬಂದಳು. ಬರಿಗಾಲಿಗೆ ರಸ್ತೆ ಸುಡುತ್ತಿತ್ತು.

"ಅವರ ಹಿಮ್ಮಡಿಯಾಗ ತಗಡಿನ ಚೂರದ. ನೋವಿಗಿ ಕಾಲು ಹಾರ್ಯದ. ಬೇಕಂತ ಒದ್ದಿಲ್ಲ. ಹಾಕ್ಕೋರಿ ಇವು."

ಅಜಿಂಕ್ಯ ತನ್ನ ಪಾದವನ್ನು ನೋಡಿದ. ಅಲ್ಲಿ ತನ್ನ ರಕ್ತ ಯಾವುದು, ಸಿದ್ದೇಶ್ವರನ ಕೀವು ಯಾವುದು ಎಂದು ಬೇರೆ ಮಾಡುವಂತಿರಲಿಲ್ಲ.

"ಮೊದಲು ಯಾಕ ಹೇಳ್ಲಿಲ್ಲ?" ಅಂದ.

ಅವಳು ಬೂಟುಗಳನ್ನು ಮತ್ತೆ ಮುಂದೆ ಚಾಚಿದಳು. ಅವನು ಬರಿಗಾಲಲ್ಲೇ ಕಾರು ಹತ್ತಿದ. ಕಾರು ಹೋಯಿತು.

ಬಸವೇಶ್ವರಿ ಬೂಟುಗಳನ್ನು ನೆಲಕ್ಕಿಟ್ಟು ತನ್ನ ಕಾಲಿಗೆ ಹಾಕಿಕೊಂಡಳು. ಅವು ಅವಳಿಗೆ ದೊಡ್ಡವು. ಲೇಸು ಬಿಗಿದಳು. ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ಹಾಗೆಯೇ ಪಡಸಾಲೆಗೆ ಬಂದಳು.

"ಬಸವೇಶ್ವರಿ, ಒಳಗ ಬೂಟು..." ಅಂದ ಶಿವರಾಜಪ್ಪ.

"ದವಾಖಾನಿಗಿ ಆಟೊ ಕರೀರಿ ಮಾಮಾ."

ಸಿದ್ದೇಶ್ವರನ ಕಣ್ಣು ತೆರೆದಿದ್ದವು. ಕಿವಿಯ ಹಿಂದಿನಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು.

"ಬಿತ್ತೇನು?" ಅಂದ. "ತಲಿಗೆ ಬಿತ್ತೇನು?"

"ಮಾರಿಗೆ ಬಿತ್ತು."

"ಮಾರಿಗೆ ಬಿದ್ರ ಲೆಕ್ಕಕ್ಕಿಲ್ಲ."

ಅವಳು ಅವನ ಕಂಕುಳಲ್ಲಿ ಕೈ ಹಾಕಿ ಬಾಗಿಲ ಕಡೆಗೆ ಎಳೆಯತೊಡಗಿದಳು. ಬೂಟಿನ ಕೆಳಗೆ ಗಾಜು ಪುಡಿಯಾಗುತ್ತಿತ್ತು. ಅವನ ಬಲಗಾಲಿನ ಹೊಸ ಬೂಟು ಹೊಸ್ತಿಲಿಗೆ ಸಿಕ್ಕಿಕೊಂಡಿತು. ಅವಳು ಬಗ್ಗಿ ಗೋರಖನಾಥ ಕಟ್ಟಿದ್ದ ಲೇಸನ್ನು ಬಿಚ್ಚಿದಳು, ಬೂಟನ್ನು ಅಲ್ಲೇ ಬಿಟ್ಟು, ಮತ್ತೆ ಎಳೆದಳು.